ಬಾಸೆಲ್ ಬೀದಿಯಲ್ಲಿ ಕನ್ನಡದ ಜಾಡು

ಮಗನೋ ಮಗಳೋ ಪರದೇಶದಲ್ಲಿ ನೌಕರಿ ಹಿಡಿದರೆ ತಂದೆ ತಾಯಿಗೆ ಒಮ್ಮೆಯಾದರೂ ವಿಮಾನ ಹತ್ತುವ ಯೋಗ ಬರುತ್ತದೆ. ಒಂದು ಕಾಲಕ್ಕೆ ಇದು ಬೆಂಗಳೂರು, ಮೈಸೂರಿನ ಕಡೆಯವರ ಭಾಗ್ಯವೆನಿಸಿತ್ತು. ಈಗ ಸುರಪುರ, ರಂಗಂಪೇಟೆ, ಶಹಾಪುರದಂಥ ಊರುಗಳಿಂದಲೂ ಹೊರಡುವವರಿದ್ದಾರೆ. ಚೀಲದಲ್ಲಿ ಜೋಳದ ಹಿಟ್ಟು, ಶೇಂಗಾ ಹಿಂಡಿ, ಕಡಕ್ ರೊಟ್ಟಿಯ ಗಂಟು ಕಟ್ಟಿಕೊಂಡು ಜರ್ಮನಿಗೆ ಹೋದವರು ಮೊದಲ ಎರಡು ವಾರ ಉತ್ಸಾಹದಿಂದ ತಿರುಗುತ್ತಾರೆ. ರೈನ್ ನದಿಯ ಜಲಪಾತ, ಹಿಮದ ಬೆಟ್ಟ, ಕಾರಿನ ಕಾರಖಾನೆಯ ವಸ್ತುಸಂಗ್ರಹಾಲಯ ಎಲ್ಲವೂ ಆಗುತ್ತದೆ. ಆಮೇಲೆ ಮಕ್ಕಳು ಕೆಲಸಕ್ಕೆ ಹೋಗುತ್ತಾರೆ, ಹಿರಿಯರು ಕಿಟಕಿಯ ಬಳಿ ಕುಳಿತು ಹೊರಗಿನ ಮರ ಎಣಿಸುತ್ತಾರೆ. ಇನ್ನೂ ಎರಡು ತಿಂಗಳು ಉಳಿದಿರುತ್ತದೆ.

ಅಂಥವರಿಗೆ ನೋಡಲು ಒಂದು ಜಾಗವಿದೆ. ಜಾಗ ಎನ್ನುವುದಕ್ಕಿಂತ ಒಂದು ಜಾಡು ಎನ್ನಬೇಕು. ನೈಋತ್ಯ ಜರ್ಮನಿಯ ಸ್ಟುಟ್‌ಗಾರ್ಟ್ ನಗರವನ್ನು ನಡುವೆ ಇಟ್ಟುಕೊಂಡು ಟ್ಯೂಬಿಂಗನ್, ಎಸ್ಲಿಂಗನ್, ಕಾಲ್ವ್ ಎಂಬ ಊರುಗಳನ್ನು ಸುತ್ತಿ, ಗಡಿ ದಾಟಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರ ತಲುಪಿದರೆ, ಕನ್ನಡದ ಮೊದಲ ಪತ್ರಿಕೆ, ಕನ್ನಡದ ಹೆಸರಾಂತ ನಿಘಂಟು, ಅಚ್ಚಿನಲ್ಲಿ ಬಂದ ಮೊದಲ ದಾಸರ ಪದಗಳ ಸಂಕಲನ ಇವೆಲ್ಲವುಗಳ ಹಿಂದೆ ಇದ್ದವರ ಊರು, ಓದಿದ ಶಾಲೆ, ಕೊನೆಯ ದಿನಗಳ ಮನೆ ಸಿಗುತ್ತವೆ. ಒಂದೊಂದು ದಿನದಲ್ಲಿ ಹೋಗಿ ಬರಬಹುದಾದ ದೂರ. ಟ್ಯೂಬಿಂಗನ್‌ಗೆ ಸ್ಟುಟ್‌ಗಾರ್ಟಿನಿಂದ ರೈಲಿನಲ್ಲಿ ಸುಮಾರು ಒಂದು ತಾಸು. 2008ರ ಕೊನೆಯಲ್ಲಿ ಸ್ವಿಟ್ಜರ್ಲೆಂಡ್ ಕೂಡ ಷೆಂಗೆನ್ ವ್ಯವಸ್ಥೆಗೆ ಸೇರಿದ ಮೇಲೆ ಜರ್ಮನಿಗೆ ಪಡೆದ ಷೆಂಗೆನ್ ವೀಸಾದಲ್ಲೇ ಬಾಸೆಲ್ಲಿಗೂ ಹೋಗಲು ಬರುತ್ತದೆ.

ಆದರೆ ಇಲ್ಲಿ ಹೋಗುವವರು ಎರಡು ತೆರನಾದ ತಪ್ಪು ಕಣ್ಣಿನಿಂದ ನೋಡುವುದುಂಟು. ಒಬ್ಬರು ಯಾತ್ರೆಗೆ ಹೋದಂತೆ ಹೋಗಿ ಕೈಮುಗಿದು, ಕನ್ನಡವನ್ನು ಇವರೇ ಉಳಿಸಿದರು ಎಂದು ಬರುತ್ತಾರೆ. ಇನ್ನೊಬ್ಬರು, ಮತಾಂತರ ಮಾಡಲು ಬಂದವರ ಮನೆಯಲ್ಲಿ ನಮಗೇನು ಕೆಲಸ ಎಂದು ಬಾಗಿಲಲ್ಲೇ ತಿರುಗುತ್ತಾರೆ. ಎರಡರಲ್ಲೂ ಅರ್ಧ ಕಥೆಯೇ ಕಾಣುವುದು.

ಮೊದಲು ಹಿನ್ನೆಲೆ. ಈಸ್ಟ್ ಇಂಡಿಯಾ ಕಂಪನಿ ತನ್ನ ಆಡಳಿತದ ನೆಲದಲ್ಲಿ ಪಾದ್ರಿಗಳನ್ನು ಬಹುಕಾಲ ಬಿಟ್ಟುಕೊಂಡಿರಲಿಲ್ಲ. ವ್ಯಾಪಾರಕ್ಕೆ ಗಲಾಟೆ ಬೇಡ ಎಂಬ ಲೆಕ್ಕ ಅದು. 1813ರ ಸನ್ನದು ಇಂಗ್ಲೆಂಡಿನ ಮಿಷನರಿಗಳಿಗೆ ಬಾಗಿಲು ತೆರೆಯಿತು. 1833ರ ಸನ್ನದು ಯುರೋಪಿನ ಬೇರೆ ದೇಶದವರಿಗೂ ತೆರೆಯಿತು. ಮರುವರ್ಷವೇ, ಅಂದರೆ 1834ರಲ್ಲಿ, ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಷನ್ನಿನಿಂದ ಹೊರಟು ಕಲ್ಲಿಕೋಟೆಯಲ್ಲಿ ಹಡಗಿಳಿದು ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, 1851ರಲ್ಲಿ ಗುಳೇದಗುಡ್ಡ ಹೀಗೆ ಅವರ ಠಾಣ್ಯಗಳು ಬಯಲುಸೀಮೆಗೂ ಹಬ್ಬಿದವು. ಕೃಷ್ಣೆಯ ಈಚೆ, ನಿಜಾಮನ ನೆಲವಾಗಿದ್ದ ನಮ್ಮ ಭಾಗದಲ್ಲಿ ಅವರು ಠಾಣ್ಯ ಹೂಡಲಿಲ್ಲ.

ಬಾಸೆಲ್ ಮಿಷನ್ ಹುಟ್ಟಿದ್ದು 1815ರಲ್ಲಿ. ಅದರ ಶಿಕ್ಷಣಶಾಲೆ ಮರುವರ್ಷ ತೆರೆಯಿತು. ಊರು ಸ್ವಿಟ್ಜರ್ಲೆಂಡಿನದಾದರೂ ವಿದ್ಯಾರ್ಥಿಗಳಲ್ಲಿ ಬಹಳಷ್ಟು ಜನ ಗಡಿಯಾಚೆಯ ವ್ಯೂರ್ಟೆಂಬರ್ಗ್ ಸೀಮೆಯವರು. ಸ್ಟುಟ್‌ಗಾರ್ಟ್ ಆ ಸೀಮೆಯ ರಾಜಧಾನಿಯಾಗಿತ್ತು. ರೈತರ ಮಕ್ಕಳು, ನೇಕಾರರು, ಬಡಿಗರು, ಅಂಗಡಿಯ ಗುಮಾಸ್ತರು, ಹೀಗೆ ಕೈಕೆಲಸ ಬಲ್ಲ ಹುಡುಗರು ಅಲ್ಲಿ ಸೇರಿ ಬೈಬಲ್ಲಿನ ಜೊತೆಗೆ ಭಾಷೆಗಳನ್ನು ಕಲಿಯುತ್ತಿದ್ದರು. ಮುಂದೆ ಮಂಗಳೂರಿನಲ್ಲಿ ಮುದ್ರಣಾಲಯ, ಮಗ್ಗ, ಹಂಚಿನ ಕಾರಖಾನೆ ಎದ್ದದ್ದೇಕೆ ಎಂಬುದಕ್ಕೆ ಅರ್ಧ ಉತ್ತರ ಇಲ್ಲಿದೆ. ಬಂದವರು ಬರೀ ಉಪದೇಶಕರಲ್ಲ, ಉಳಿ ಸುತ್ತಿಗೆ ಹಿಡಿದು ಗೊತ್ತಿದ್ದವರು.

ಬಾಸೆಲ್ ನಗರದ ಹಳೆಯ ಕೋಟೆಯ ಬಾಗಿಲುಗಳಲ್ಲಿ ಸ್ಪಾಲನ್‌ಟೋರ್ ಎಂಬುದು ಇಂದಿಗೂ ಗಟ್ಟಿಯಾಗಿ ನಿಂತಿದೆ. ಎರಡು ಗುಂಡು ಬುರುಜುಗಳ ನಡುವೆ ಚೌಕ ಗೋಪುರ. ಸುರಪುರದ ಕೋಟೆ ಬಾಗಿಲು ಕಂಡವರಿಗೆ ತೀರ ಅಪರಿಚಿತವೆನಿಸದು. ಅದರ ಹೊರಗೆ ಹೊರಡುವ ಬೀದಿಯ ಹೆಸರೇ ಮಿಷನ್ ಬೀದಿ. 21ನೇ ನಂಬರಿನ ದೊಡ್ಡ ಕಟ್ಟಡ ಮಿಷನ್ ಮನೆ. ಕ್ರಿಸ್ಟೋಫ್ ಮೇರಿಯನ್ ಎಂಬ ಊರಿನ ಸಿರಿವಂತನ ನೆರವಿನಿಂದ 1860ರಲ್ಲಿ ಪೂರ್ಣಗೊಂಡ ಕಟ್ಟಡ ಇದು. ಬಾಸೆಲ್ ಮಿಷನ್ 2001ರಲ್ಲಿ ಬೇರೆ ಸಂಸ್ಥೆಗಳೊಡನೆ ಕೂಡಿ 'ಮಿಷನ್ 21' ಎಂಬ ಹೆಸರು ಪಡೆಯಿತು. ಮನೆಯ ಒಂದು ಭಾಗ ಹೋಟೆಲಾಗಿಯೂ ಬಳಕೆಯಾಗುತ್ತ ಬಂದಿದೆ. ಮುಂದೆ ಧಾರವಾಡದ ಬಿಸಿಲಿನಲ್ಲಿ ನಡೆದಾಡಿದವರು ಪಾಠ ಕಲಿತ ಕಟ್ಟಡದಲ್ಲೇ ರಾತ್ರಿ ಕಳೆಯುವ ಅನುಕೂಲ ಎಲ್ಲ ಕಡೆ ಸಿಗುವಂಥದ್ದಲ್ಲ.

ಕಟ್ಟಡಕ್ಕಿಂತ ಮುಖ್ಯವಾದದ್ದು ಅದರೊಳಗಿನ ದಫ್ತರ. ದೂರದ ನಾಡಿಗೆ ಹೋದ ಪ್ರತಿಯೊಬ್ಬ ಮಿಷನರಿಯೂ ತಪ್ಪದೆ ವರದಿ ಬರೆದು ಕಳಿಸಬೇಕೆಂಬುದು ಬಾಸೆಲ್ಲಿನ ಸಮಿತಿಯ ಕಟ್ಟಪ್ಪಣೆ. ಊರಿನ ಮಳೆ, ಬೆಳೆ, ಬರಗಾಲ, ಸಂತೆ, ಜಾತ್ರೆ, ಯಾರು ಬಂದರು, ಯಾರು ವಾದಿಸಿದರು, ಯಾರು ಬಯ್ದು ಕಳಿಸಿದರು ಎಲ್ಲ ಆ ಕಾಗದಗಳಲ್ಲಿ ತುಂಬಿದೆ. ಉತ್ತರ ಕರ್ನಾಟಕದ 19ನೆಯ ಶತಮಾನದ ದಿನನಿತ್ಯದ ಬದುಕಿಗೆ ಇಷ್ಟು ಸಲೀಸಾಗಿ ಒಂದೇ ಕಡೆ ಸಿಗುವ ದಾಖಲೆ ಅಪರೂಪ. ಬರೆದವರ ಕಣ್ಣು ತಮ್ಮ ಮತದ ಕನ್ನಡಕ ತೊಟ್ಟಿತ್ತು, ನಿಜ. ನಮ್ಮ ದೇವರು, ನಮ್ಮ ಮಠಗಳ ಬಗ್ಗೆ ಅವರು ಬರೆದ ಎಷ್ಟೋ ಮಾತು ಓದಿದರೆ ಸಿಟ್ಟು ಬರುತ್ತದೆ. ಆದರೆ ಸಂತೆಯಲ್ಲಿ ಜೋಳದ ಧಾರಣೆ ಬರೆಯುವಾಗ ಆ ಕನ್ನಡಕ ಅಷ್ಟಾಗಿ ಅಡ್ಡ ಬರುವುದಿಲ್ಲ.

ಒಂದು ತೊಡಕಿದೆ. ಆ ಕಾಗದಗಳು ಜರ್ಮನ್ ಭಾಷೆಯ ಹಳೆಯ ಕೈಬರಹದಲ್ಲಿವೆ. ಮೋಡಿ ಲಿಪಿ ಇಂದಿನ ಮರಾಠಿ ಹುಡುಗರಿಗೆ ಹೇಗೋ ಹಾಗೆ ಈ ಬರಹ ಇಂದಿನ ಜರ್ಮನರಿಗೇ ಓದಲು ಬರುವುದಿಲ್ಲ. ಪ್ರತ್ಯೇಕ ಅಭ್ಯಾಸ ಬೇಕು. ಕನ್ನಡಿಗರಲ್ಲಿ ಈ ಕಾಲದ ಸಾಹಿತ್ಯದ ಬೆನ್ನು ಹತ್ತಿದವರಲ್ಲಿ ಶ್ರೀನಿವಾಸ ಹಾವನೂರರ ಹೆಸರು ಮೊದಲು ಬರುತ್ತದೆ. 1974ರಲ್ಲಿ ಬಂದ ಅವರ 'ಹೊಸಗನ್ನಡದ ಅರುಣೋದಯ' ಗ್ರಂಥವನ್ನು ಒಮ್ಮೆ ಓದಿಕೊಂಡು ಹೋದರೆ ಬಾಸೆಲ್ ಪ್ರವಾಸದ ಬೆಲೆ ಹತ್ತು ಪಟ್ಟು ಹೆಚ್ಚುತ್ತದೆ.

ಕಾಗದ ಓದಲು ಬಾರದವರಿಗೆ ಚಿತ್ರಗಳಿವೆ. ಮಿಷನರಿಗಳು ತೆಗೆದ ಸಾವಿರಾರು ಫೋಟೋಗಳು ಅಲ್ಲಿ ಜೋಪಾನವಾಗಿವೆ. ಬಹಳಷ್ಟನ್ನು ಈಗ ಅಂತರ್ಜಾಲದಲ್ಲೂ ನೋಡಬಹುದು. ಹುಬ್ಬಳ್ಳಿಯ ಓಣಿ, ಬೆಟಗೇರಿಯ ಶಾಲೆ, ಮಂಗಳೂರಿನ ಹಂಚಿನ ಭಟ್ಟಿ, ಅಂಗಳದಲ್ಲಿ ಸಾಲಾಗಿ ಕುಳಿತ ಹೆಣ್ಣುಮಕ್ಕಳು. ನೋಡುವವರು ಒಂದು ಸಂಗತಿ ಗಮನಿಸಬೇಕು. ಎಷ್ಟೋ ಚಿತ್ರಗಳ ಕೆಳಗೆ ಮಿಷನರಿಯ ಹೆಸರಿರುತ್ತದೆ, ಪಕ್ಕದಲ್ಲಿ ರುಮಾಲು ಸುತ್ತಿ ನಿಂತ ಮುನಶಿಯ ಹೆಸರಿರುವುದಿಲ್ಲ. ಅವನು ಬರೀ 'ಮುನಶಿ'. ಬೆಳಗ್ಗೆ ಬಂದು ಬಿಳಿಯ ಹುಡುಗನಿಗೆ ಅ ಆ ತಿದ್ದಿಸಿದವನು, ಓಲೆಗರಿಯ ಕಟ್ಟು ಬಿಚ್ಚಿ ಷಟ್ಪದಿ ಓದಿ ಅರ್ಥ ಹೇಳಿದವನು ಅವನೇ. ಪುಸ್ತಕ ಅಚ್ಚಾದಾಗ ಹೆಸರು ಶಿಷ್ಯನದು.

ಕನ್ನಡದ ಮೊದಲ ಪತ್ರಿಕೆಯ ಮಾತಿಗೆ ಬರೋಣ. 1843ರ ಜುಲೈ 1ರಂದು ಮಂಗಳೂರಿನಲ್ಲಿ ಹೆರ್ಮನ್ ಮೋಗ್ಲಿಂಗ್ ಹೊರತಂದ 'ಮಂಗಳೂರ ಸಮಾಚಾರ' ಅಚ್ಚಾದದ್ದು ಸೀಸದ ಮೊಳೆಗಳಿಂದಲ್ಲ, ಕಲ್ಲಿನಿಂದ. ಆ ದಿನವನ್ನೇ ಇಂದು ಪತ್ರಿಕಾ ದಿನವೆಂದು ಆಚರಿಸುತ್ತೇವೆ, ಆದರೆ ಕಲ್ಲಿನಿಂದ ಅಚ್ಚು ಹೇಗೆ ಎಂದು ಮಕ್ಕಳು ಕೇಳಿದರೆ ಹೇಳುವವರು ಕಡಿಮೆ. ಇದರ ವಿಜ್ಞಾನ ಬಹು ಸರಳ: ಎಣ್ಣೆ ಮತ್ತು ನೀರು ಒಂದಕ್ಕೊಂದು ಕೂಡುವುದಿಲ್ಲ. ನಯವಾದ ಸುಣ್ಣದ ಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆಯುತ್ತಾರೆ. ಅಕ್ಷರವನ್ನು ಉಲ್ಟಾ ಬರೆಯಬೇಕು, ಇಲ್ಲವೇ ವಿಶೇಷ ಕಾಗದದ ಮೇಲೆ ನೆಟ್ಟಗೆ ಬರೆದು ಕಲ್ಲಿಗೆ ಒತ್ತಬೇಕು. ಅನಂತರ ಅಂಟು ಮತ್ತು ಸ್ವಲ್ಪ ಆಮ್ಲ ಸವರುತ್ತಾರೆ. ಬರಹವಿಲ್ಲದ ಭಾಗ ನೀರು ಹಿಡಿಯುವ ಗುಣ ಪಡೆಯುತ್ತದೆ. ಕಲ್ಲನ್ನು ಒದ್ದೆ ಮಾಡಿ ಎಣ್ಣೆ ಮಸಿಯ ರೂಳು ಹೊರಳಿಸಿದರೆ ಜಿಡ್ಡಿನ ಅಕ್ಷರಕ್ಕೆ ಮಾತ್ರ ಮಸಿ ಹತ್ತುತ್ತದೆ, ನೀರಿದ್ದಲ್ಲಿ ಹತ್ತುವುದಿಲ್ಲ. ಮೇಲೆ ಕಾಗದ ಇಟ್ಟು ಒತ್ತಿದರಾಯಿತು.

ಇದನ್ನು 1796ರ ಸುಮಾರಿಗೆ ಕಂಡುಹಿಡಿದವನು ಬವೇರಿಯಾದ ಸೆನೆಫೆಲ್ಡರ್. ಅದಕ್ಕೆ ಹೇಳಿ ಮಾಡಿಸಿದ ಕಲ್ಲು ಸಿಗುವುದು ಅದೇ ಬವೇರಿಯಾದ ಸೋಲ್ನ್‌ಹೋಫನ್ ಎಂಬ ಊರಿನಲ್ಲಿ. ನಮ್ಮ ಮನೆಗಳ ನೆಲಕ್ಕೆ ಹಾಸುವ ಶಹಾಬಾದ ಫರಸಿಯೂ ಸುಣ್ಣದ ಕಲ್ಲೇ. ಆ ಕಲ್ಲು ಇದಕ್ಕಿಂತ ಬಹಳ ನಯವಾದ ಕಣದ್ದು. ಕನ್ನಡಕ್ಕೆ ಈ ವಿಧಾನ ಒದಗಿ ಬಂದುದಕ್ಕೂ ಕಾರಣವಿದೆ. ಇಂಗ್ಲಿಷಿಗೆ ಕೆಲವು ಡಜನ್ ಮೊಳೆ ಸಾಕು. ಕನ್ನಡದ ಗುಣಿತ, ಒತ್ತಕ್ಷರಗಳಿಗೆ ನೂರಾರು ಮೊಳೆ ಎರೆಯಬೇಕು. ಕಲ್ಲಚ್ಚಿನಲ್ಲಿ ಕೈಬರಹ ಚೆನ್ನಾಗಿರುವ ಒಬ್ಬ ಮನುಷ್ಯ ಇದ್ದರೆ ಮುಗಿಯಿತು. ಹಾಗೆಂದರೆ ಮಂಗಳೂರಿನ ಕಲ್ಲಚ್ಚಿನ ಪುಟಗಳಲ್ಲಿ ಇಂದು ನೋಡುವುದು ಯಾವುದೋ ಲಿಪಿಕಾರನ ಕೈಬರಹವನ್ನೇ. ಅವನ ಹೆಸರೂ ಪುಟದಲ್ಲಿಲ್ಲ. ಪತ್ರಿಕೆ 1844ರಲ್ಲಿ ಬಳ್ಳಾರಿಗೆ ಹೋಗಿ 'ಕಂನಡ ಸಮಾಚಾರ'ವಾಯಿತು.

ಮೋಗ್ಲಿಂಗ್ 1811ರಲ್ಲಿ ಬ್ರಾಕನ್‌ಹೈಮ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿ, ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಓದಿ, 1836ರಲ್ಲಿ ಮಂಗಳೂರಿಗೆ ಬಂದವನು. ಸುರಪುರ ಸೀಮೆಯವರು ಈ ಮನುಷ್ಯನನ್ನು ನೆನೆಯಲು ಪತ್ರಿಕೆಗಿಂತಲೂ ಹತ್ತಿರದ ಕಾರಣವಿದೆ. ಕ್ಯಾಸಮೇಜರ್ ಎಂಬ ಇಂಗ್ಲಿಷ್ ಅಧಿಕಾರಿ ಹಣ ಕೊಟ್ಟಾಗ 1848ರಿಂದ ಮೋಗ್ಲಿಂಗ್ 'ಬಿಬ್ಲಿಯೋಥಿಕಾ ಕರ್ನಾಟಿಕಾ' ಎಂಬ ಮಾಲೆಯಲ್ಲಿ ಹಳೆಯ ಕನ್ನಡ ಕಾವ್ಯಗಳನ್ನು ಅಚ್ಚು ಹಾಕಿಸಿದ. ಬಸವಪುರಾಣ, ದಾಸರ ಪದಗಳು, ಜೈಮಿನಿ ಭಾರತ ಅದರಲ್ಲಿ ಬಂದವು. ದಾಸರ ಪದಗಳ ಸಂಕಲನ ಬಂದದ್ದು 1850ರಲ್ಲಿ. ಶಿವಶರಣರ ಪುರಾಣವನ್ನೂ ಹರಿದಾಸರ ಹಾಡನ್ನೂ ಅಚ್ಚಿಗೆ ಇಳಿಸಿದವನು ಕ್ರೈಸ್ತ ಪಾದ್ರಿ! ಎದುರಾಳಿಯ ವಾದ ತಿಳಿಯಲೆಂದು ಓದಲು ಕೂತವನಿಗೆ ರುಚಿ ಹತ್ತಿತೆಂದು ತೋರುತ್ತದೆ. ಊರಿಗೆ ಮರಳಿದ ಮೇಲೂ ಅವನು ದಾಸರ ಹಾಡುಗಳನ್ನು, ಜೈಮಿನಿ ಭಾರತದ ಭಾಗಗಳನ್ನು ಜರ್ಮನ್ ಭಾಷೆಗೆ ತಿರುಗಿಸಿ ಅಲ್ಲಿನ ಪಂಡಿತರ ಪತ್ರಿಕೆಯಲ್ಲಿ ಪ್ರಕಟಿಸಿದ.

ಜೈಮಿನಿ ಭಾರತದ ಲಕ್ಷ್ಮೀಶ ಕಡೂರು ತಾಲ್ಲೂಕಿನ ದೇವನೂರಿನವನೋ ಸುರಪುರ ಸೀಮೆಯವನೋ ಎಂಬ ಜಗ್ಗಾಟ ಪಂಡಿತರಲ್ಲಿ ನಡೆದದ್ದು ಓದುಗರಿಗೆ ಗೊತ್ತಿದ್ದದ್ದೇ. ದೇವನೂರಿನ ಕಡೆಯೇ ತೂಕ ಹೆಚ್ಚೆಂದು ಒಪ್ಪಿದರೂ, ರಂಗಂಪೇಟೆಯ ಕಟ್ಟೆಯ ಮೇಲೆ ಈ ಮಾತು ಎತ್ತಿದರೆ ಇಂದಿಗೂ ಬಿಸಿ ಏರುತ್ತದೆ. ದಾಸ ಪರಂಪರೆಯಲ್ಲಿ ಸುರಪುರದ ಆನಂದದಾಸರ ಹೆಸರೂ ಇದೆ. ಇಂಥ ಊರಿನವರು ಎಸ್ಲಿಂಗನ್ ಪಟ್ಟಣದ ನೆಕ್ಕಾರ್ ನದಿಯ ದಂಡೆಯಲ್ಲಿ ಒಂದು ಸಂಜೆ ನಡೆದು ಬಂದರೆ ವ್ಯರ್ಥವಾಗದು. ಮೋಗ್ಲಿಂಗ್ 1881ರಲ್ಲಿ ಕಣ್ಣು ಮುಚ್ಚಿದ್ದು ಅಲ್ಲಿಯೇ.

ಕಿಟೆಲ್ಲನ ಹೆಸರು ಕೇಳದ ಕನ್ನಡ ಮಾಸ್ತರರಿಲ್ಲ. ಫರ್ಡಿನಾಂಡ್ ಕಿಟೆಲ್ ಹುಟ್ಟಿದ್ದು 1832ರಲ್ಲಿ, ಜರ್ಮನಿಯ ಉತ್ತರ ತುದಿಯ ಸಮುದ್ರದಂಡೆಯ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ. ಅದು ಸ್ಟುಟ್‌ಗಾರ್ಟಿನಿಂದ ಬಹು ದೂರ, ಅಲ್ಲಿಯವರೆಗೆ ಹೋಗುವ ಹಟ ಬೇಡ. 1853ರಲ್ಲಿ ಇಲ್ಲಿಗೆ ಬಂದ ಈತನಿಗೆ ಮೊದಮೊದಲು ಮಿಷನ್ನಿನ ಹಿರಿಯರೊಂದಿಗೆ ಸರಿಹೋಗಲಿಲ್ಲ. ಬಂಗಲೆ ಬಿಟ್ಟು ಜನರ ನಡುವೆ, ಜನರಂತೆ ಇರಬೇಕು ಎಂಬ ಅವನ ಬಯಕೆ ಹಿರಿಯರಿಗೆ ಹಿಡಿಸಲಿಲ್ಲ. ನಿಘಂಟಿನ ಕೆಲಸವೂ ಮತಪ್ರಚಾರದ ಎದುರು ಎರಡನೆಯ ದರ್ಜೆಯದಾಗಿ ಕಂಡಿತು. ಅದೇ ಎರಡನೆಯ ದರ್ಜೆಯ ಕೆಲಸ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂತು. ಸುಮಾರು 70,000 ಶಬ್ದಗಳು, 1,700ಕ್ಕೂ ಮಿಕ್ಕಿದ ಪುಟಗಳು. ಈ ನಡುವೆ 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದಸ್ಸನ್ನೂ ಸಂಪಾದಿಸಿದ್ದ.

ವಿಜ್ಞಾನ ಓದಿದವರಿಗೆ ಈ ನಿಘಂಟಿನಲ್ಲಿ ಮೆಚ್ಚುಗೆಯಾಗುವುದು ಅದರ ಗಾತ್ರವಲ್ಲ, ವಿಧಾನ. ಶಬ್ದ ಎಲ್ಲಿ ಸಿಕ್ಕಿತು ಎಂಬುದಕ್ಕೆ ಆಧಾರ ಕೊಡುವುದು, ಅದೇ ಶಬ್ದ ತಮಿಳು, ತೆಲುಗು, ಮಲಯಾಳಗಳಲ್ಲಿ ಯಾವ ರೂಪ ತಾಳಿದೆ ಎಂದು ಹೋಲಿಸುವುದು, ಗಾದೆಯಲ್ಲಿ ಬಳಕೆಯಾದರೆ ಗಾದೆಯನ್ನೂ ದಾಖಲಿಸುವುದು. ಗಿಡಮೂಲಿಕೆಯ ಮಾದರಿ ಒಣಗಿಸಿ ಚೀಟಿ ಅಂಟಿಸುವ ಸಸ್ಯಶಾಸ್ತ್ರಜ್ಞನ ಕೆಲಸ ಇದು. ಸಂಸ್ಕೃತಕ್ಕೆ ದ್ರಾವಿಡದಿಂದ ಹೋದವೆಂದು ಅವನು ತಿಳಿದ ಶಬ್ದಗಳ ಪಟ್ಟಿಯೂ ಮುನ್ನುಡಿಯಲ್ಲಿದೆ. ಎಲ್ಲವೂ ಸಂಸ್ಕೃತದಿಂದ ಬಂದದ್ದು ಎಂದು ನಂಬಿದ್ದ ಕಾಲದಲ್ಲಿ ಹಾಗೆ ಬರೆಯಲು ಧೈರ್ಯ ಬೇಕಿತ್ತು. ಅದರಲ್ಲಿ ಕೆಲವು ಶಬ್ದಗಳ ಬಗ್ಗೆ ಇಂದಿನ ಭಾಷಾಶಾಸ್ತ್ರಜ್ಞರು ಬೇರೆ ಮಾತು ಹೇಳುತ್ತಾರೆ, ಅದು ಸಹಜ.

1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಕಿಟೆಲ್ಲನಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ, ಕನ್ನಡ ವ್ಯಾಕರಣ ಅಚ್ಚಾದ ವರ್ಷವೇ, ಅದೇ ಊರಿನಲ್ಲಿ ಅವನು ತೀರಿಕೊಂಡ. ಟ್ಯೂಬಿಂಗನ್ ನೋಡಲು ಚೆಂದದ ಊರು: ನೆಕ್ಕಾರ್ ನದಿ, ಓರೆಗೂಡಿನ ಹಳೆಯ ಮನೆಗಳು, ಓಣಿ ತುಂಬ ವಿದ್ಯಾರ್ಥಿಗಳು. ಸಮಾಧಿ ಹುಡುಕುವ ಆಸೆಯುಳ್ಳವರು ಒಂದು ಮಾತು ತಿಳಿದಿರಬೇಕು. ಜರ್ಮನಿಯಲ್ಲಿ ಸಮಾಧಿಯ ಜಾಗ ಶಾಶ್ವತವಲ್ಲ. ಇಪ್ಪತ್ತು, ಇಪ್ಪತ್ತೈದು ವರ್ಷಕ್ಕೆ ಬಾಡಿಗೆಯಂತೆ ಕೊಡುತ್ತಾರೆ; ಮನೆಯವರು ಮುಂದುವರಿಸದಿದ್ದರೆ ಕಲ್ಲು ತೆಗೆದು ಜಾಗ ಬೇರೆಯವರಿಗೆ ಹೋಗುತ್ತದೆ. ನೂರಿನ್ನೂರು ವರ್ಷದ ಗೋರಿಗಳು ಹೊಲದ ನಡುವೆಯೂ ನಿಂತಿರುವ ನಮ್ಮ ಸೀಮೆಯವರಿಗೆ ಇದು ವಿಚಿತ್ರವೆನಿಸಬಹುದು. ಆದ್ದರಿಂದ ಯಾರದೇ ಹಳೆಯ ಸಮಾಧಿಯಾದರೂ ಮೊದಲು ಸ್ಮಶಾನದ ಕಚೇರಿಯಲ್ಲಿ ವಿಚಾರಿಸಿಯೇ ಹೋಗುವುದು ಒಳಿತು.

ಕಾಲ್ವ್ ಊರಿಗೆ ಹೆರ್ಮನ್ ಗುಂಡರ್ಟ್‌ನ ಸಲುವಾಗಿ ಹೋಗಬೇಕು. ಮಲಯಾಳಕ್ಕೆ ನಿಘಂಟು ಕೊಟ್ಟವನು. 1857ರಲ್ಲಿ ಮಲಬಾರ್ ಮತ್ತು ಕೆನರಾ ಶಾಲೆಗಳ ಇನ್ಸ್‌ಪೆಕ್ಟರನಾಗಿದ್ದುದರಿಂದ ಕನ್ನಡಕ್ಕೂ ಸಂಬಂಧಿಕ. ಗೆಳೆಯ ಮೋಗ್ಲಿಂಗನ ಜೀವನಚರಿತ್ರೆ ಬರೆದವನೂ ಇವನೇ. ಮಗಳು ಮರಿ ಹುಟ್ಟಿದ್ದು ತಲಶ್ಶೇರಿಯಲ್ಲಿ. ಅವಳ ಮಗನೇ 'ಸಿದ್ಧಾರ್ಥ' ಕಾದಂಬರಿಯ ಹೆರ್ಮನ್ ಹೆಸ್ಸೆ. ಊರಿನವರು ಹೆಸ್ಸೆಯ ಹೆಸರಿನಲ್ಲಿ ಪ್ರವಾಸಿಗರನ್ನು ಕರೆಯುತ್ತಾರೆ, ಅಜ್ಜನನ್ನು ನಾವೇ ಕೇಳಿ ತಿಳಿಯಬೇಕು.

ಈಗ ನಾಣ್ಯದ ಇನ್ನೊಂದು ಮುಖ. ಇವರೆಲ್ಲ ಬಂದದ್ದು ನಿಘಂಟು ಬರೆಯಲು ಅಲ್ಲ, ಮತಾಂತರಕ್ಕೆ. ಬಾಸೆಲ್ ಮಿಷನ್ನಿನವರು ಈ ವಿಷಯದಲ್ಲಿ ಬಿಗಿಯಾಗಿದ್ದರು. ಸಭೆ ಸೇರುವವರು ಜಾತಿಯನ್ನು ಪೂರಾ ಬಿಡಬೇಕು. ಬಿಟ್ಟವನಿಗೆ ಊರಿನಲ್ಲಿ ನೀರಿಲ್ಲ, ಮನೆಯವರಿಲ್ಲ, ಕಸುಬಿಲ್ಲ. ಹೀಗೆ ಬೀದಿಗೆ ಬಿದ್ದವರಿಗೆ ಅನ್ನ ಕಾಣಿಸುವ ದಾರಿಯಾಗಿ ಮಗ್ಗಗಳೂ ಹಂಚಿನ ಕಾರಖಾನೆಗಳೂ ಬೆಳೆದವು. ಮಗ್ಗದ ಸದ್ದು ಬಲ್ಲ ರಂಗಂಪೇಟೆಯವರು ಯೋಚಿಸಿ ನೋಡಬೇಕು: ಮನೆಯ ಕುಣಿಮಗ್ಗ ಬಿಟ್ಟು ಇನ್ನೊಬ್ಬರ ಕಾರಖಾನೆಯ ಗಂಟೆಗೆ ಎದ್ದು ಕೂಲಿಗೆ ಹೋಗುವುದು ಸಣ್ಣ ಬದಲಾವಣೆಯಲ್ಲ. ಸೇರಿದವರಲ್ಲಿ ಕೆಲವರಿಗೆ ಓದು ಸಿಕ್ಕಿತು, ಹೆಣ್ಣುಮಕ್ಕಳು ಶಾಲೆ ಕಂಡರು, ಮುಟ್ಟಿಸಿಕೊಳ್ಳದವರ ಮಕ್ಕಳು ಬೆಂಚಿನ ಮೇಲೆ ಕೂತರು. ಕೆಲವರು ಎರಡೂ ಕಡೆಗೆ ಸಲ್ಲದವರಾದರು. ಮಿಷನ್ ಮನೆಯ ಗೋಡೆಯ ಮೇಲೆ ತೂಗುವ ಚಿತ್ರಪಟಗಳಿಗೆ ಕೈಮುಗಿಯುವ ಮೊದಲು ಈ ಎರಡನ್ನೂ ನೆನೆಯುವುದು ನ್ಯಾಯ.

ಇದರಲ್ಲಿ ನಮ್ಮ ಸೀಮೆಗೆ ತೀರ ಸಮೀಪವೆನಿಸುವ ಒಂದು ಪ್ರಸಂಗವಿದೆ. 1840ರ ಆಸುಪಾಸಿನಲ್ಲಿ ಹುಬ್ಬಳ್ಳಿಯ ಮಿಷನರಿಗಳ ಬಳಿಗೆ ಒಂದು ಪಂಥದ ಜನ ಬಂದರು. ಕಾಲಜ್ಞಾನ ನಂಬಿದವರು. ಒಳ್ಳೆಯ ಕಾಲ ಬರುವುದಿದೆ ಎಂದು ಕಾದು ಕೂತಿದ್ದ ಇವರು, ಈ ಬಿಳಿಯರ ಮಾತು ತಮ್ಮ ಕಾಲಜ್ಞಾನಕ್ಕೆ ಹೊಂದುತ್ತದೆ ಎಂದು ಭಾವಿಸಿದರು. ಮಿಷನರಿಗಳಿಗೆ ಹಿಗ್ಗೋ ಹಿಗ್ಗು. ಗದಗಿನ ಸಮೀಪದ ಮಲ್ಲಸಮುದ್ರದಲ್ಲಿ ಹೊಲ ಹಿಡಿದು ಒಂದು ವಸಾಹತು ಕಟ್ಟಲು ಹೊರಟರು. ಅದು ಊರ್ಜಿತವಾಗಲಿಲ್ಲ. ಬಂದವರ ಮನಸ್ಸಿನಲ್ಲಿದ್ದ ರಾಜ್ಯ ಬೇರೆ, ಪಾದ್ರಿಗಳು ಹೇಳುತ್ತಿದ್ದ ರಾಜ್ಯ ಬೇರೆ. ಕಾಲಜ್ಞಾನ ಎಂದ ಕೂಡಲೇ ಸುರಪುರದವರಿಗೆ ನೆನಪಾಗುವುದು ಪಕ್ಕದ ಕೊಡೇಕಲ್ಲ ಬಸವಣ್ಣನ ವಚನಗಳು. ಈ ಪ್ರಸಂಗದ ಜರ್ಮನ್ ಕಾಗದಗಳನ್ನು ಕೊಡೇಕಲ್ಲಿನ ಪರಂಪರೆ ಬಲ್ಲ ಒಬ್ಬ ಕನ್ನಡಿಗ ಕೂತು ಓದಿದರೆ ಹೊರಬರುವ ಕಥೆಯೇ ಬೇರೆಯಾದೀತು. ಜರ್ಮನ್ ಬಲ್ಲವರಿಗೆ ಕೊಡೇಕಲ್ಲ ತಿಳಿಯದು, ಕೊಡೇಕಲ್ಲ ಬಲ್ಲವರಿಗೆ ಜರ್ಮನ್ ಬಾರದು. ಈಗ ನಮ್ಮವರ ಮಕ್ಕಳೇ ಜರ್ಮನ್ ಕಲಿತು ಅಲ್ಲಿ ನೆಲೆಸುತ್ತಿರುವಾಗ ಈ ಕೊರತೆ ಬಹುಕಾಲ ಉಳಿಯಬೇಕಾಗಿಲ್ಲ.

ಬಾಸೆಲ್ಲಿನಿಂದ ಫ್ರಾನ್ಸಿನ ಗಡಿ ಕೂಗಳತೆಯ ದೂರ. ಆಲ್ಸೇಸ್ ಸೀಮೆಯ ಆಲ್ಟ್‌ಕಿರ್ಶ್ ಎಂಬ ಊರಿನ ಜಿಲಾರ್ಡೋನಿ ಸಹೋದರರು 1841ರಲ್ಲಿ ಒಂದಕ್ಕೊಂದು ಕೊಂಡಿಯಂತೆ ಕೂಡುವ ಹಂಚಿಗೆ ಪೇಟೆಂಟ್ ಪಡೆದರು. ಮಂಗಳೂರಿನಲ್ಲಿ 1865ರಲ್ಲಿ ಪ್ಲೆಬ್ಸ್ಟ್ ಎಂಬ ಮಿಷನ್ನಿನ ಯಂತ್ರಕುಶಲಿ ಕಾರಖಾನೆ ಹೂಡಿ ಮಾಡಿಸಿದ್ದು ಇದೇ ಜಾತಿಯ ಹಂಚು. ಆಲ್ಸೇಸ್‌ನ ಹಳ್ಳಿಗಳ ಮಾಡುಗಳನ್ನು ನೋಡಿದರೆ ಶಿರಸಿಯ ಓಣಿಯಲ್ಲಿ ನಿಂತಂತೆ ಭಾಸವಾಗುತ್ತದೆ. ಸುರಪುರದ ಕಡೆ ಮಳೆ ಕಡಿಮೆ, ಮಣ್ಣಿನ ಮಾಳಿಗೆಯೇ ತಂಪು. ಹಾಗಾಗಿ ಈ ಹಂಚು ಇಲ್ಲಿ ಹಳೆಯ ಸರಕಾರಿ ಕಟ್ಟಡಗಳ ಮೇಲಷ್ಟೆ ಕಾಣುತ್ತದೆ.

1914ರಲ್ಲಿ ಮಹಾಯುದ್ಧ ಬಂತು. ಜರ್ಮನ್ ಪ್ರಜೆಗಳಾಗಿದ್ದ ಮಿಷನರಿಗಳನ್ನು ಬ್ರಿಟಿಷ್ ಸರಕಾರ ಬಂಧನದಲ್ಲಿಟ್ಟು ಅನಂತರ ಹಿಂದಕ್ಕೆ ಕಳಿಸಿತು. ಕಾರಖಾನೆಗಳು ಬೇರೆ ಕಂಪನಿಯ ಕೈಸೇರಿದವು. ಸಭೆಗಳೂ ಶಾಲೆಗಳೂ ಮುಂದೆ ನಡೆದದ್ದು ಬಹುಮಟ್ಟಿಗೆ ಇಲ್ಲಿಯವರ ಹೆಗಲ ಮೇಲೆ.

ಬಾಸೆಲ್ಲಿಗೆ ಹೋಗುವ ಮೊದಲು ಇಲ್ಲಿಯದನ್ನು ನೋಡಿಕೊಳ್ಳುವುದು ಲೇಸು. ಧಾರವಾಡದ ಬಾಸೆಲ್ ಮಿಷನ್ ಶಾಲೆ, ಕಿಟೆಲ್ ಕಾಲೇಜು, ಗದಗ-ಬೆಟಗೇರಿ, ಗುಳೇದಗುಡ್ಡ ಇವೆಲ್ಲ ಬಸ್ಸಿನ ದೂರದಲ್ಲಿವೆ. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿ ಮಿಷನ್ನಿನ ಹಳೆಯ ಕನ್ನಡ ಪುಸ್ತಕಗಳ ಸಂಗ್ರಹವಿದೆ. ಇನ್ನೂ ಹತ್ತಿರದ್ದು ಬೇಕೆಂದರೆ ತಿಂಥಣಿ ಸೇತುವೆಯಲ್ಲಿ ಕೃಷ್ಣೆ ದಾಟಿ, ಲಿಂಗಸುಗೂರು ಹಾದು ಮುದಗಲ್ಲಿಗೆ ಹೋಗಬೇಕು. ಮೊಹರಮ್ಮಿಗೆ ಹೆಸರಾದ ಆ ಕೋಟೆಯ ಊರಿನಲ್ಲಿ ಆದಿಲಶಾಹಿಯ ಕಾಲದಿಂದಲೂ, ಅಂದರೆ 16ನೆಯ ಶತಮಾನದಿಂದ, ಕ್ಯಾಥೋಲಿಕ್ ಕ್ರೈಸ್ತರ ನೆಲೆ ಇರುವುದನ್ನು ಗೆಜೆಟಿಯರುಗಳು ದಾಖಲಿಸಿವೆ. ಬಾಸೆಲ್ ಮಿಷನ್ ಹುಟ್ಟುವುದಕ್ಕೂ ಎರಡೂವರೆ ಶತಮಾನ ಹಿಂದಿನ ಮಾತು. ಅಮೆರಿಕದಲ್ಲಿ ಮಕ್ಕಳಿರುವವರು ಯಾದಗಿರಿಯ ಹೋಲ್‌ಸ್ಟನ್ ಆಸ್ಪತ್ರೆಯ ಹೆಸರನ್ನು ನೆನಪಿಟ್ಟುಕೊಂಡು ಹೋಗಲಿ. ಟೆನೆಸ್ಸಿ ಸೀಮೆಯ ಮೆಥಡಿಸ್ಟ್ ಸಭೆಗಳ ಒಕ್ಕೂಟವೊಂದರ ಹೆಸರು ಅದು, ಅಲ್ಲಿನ ಒಂದು ನದಿಯ ಹೆಸರೂ ಹೌದು.

ಸುರಪುರದವರು ಯುರೋಪಿನಲ್ಲಿ ಟೇಲರ್ ಸಾಹೇಬನ ಗುರುತು ಹುಡುಕುವುದೂ ಉಂಟು. ಟೇಲರ್ ಮಂಜಿಲಿನಲ್ಲಿದ್ದ ಮೆಡೋಸ್ ಟೇಲರ್ ಮಿಷನರಿಯಲ್ಲ, ಅಧಿಕಾರಿ. ಅವನು 1876ರಲ್ಲಿ ತೀರಿಕೊಂಡದ್ದು ಫ್ರಾನ್ಸಿನ ದಕ್ಷಿಣದಂಡೆಯ ಮಾಂತೋ ಊರಿನಲ್ಲಿ. ಅದನ್ನು ಈ ಜಾಡಿಗೆ ಸೇರಿಸಿದರೆ ದಾರಿ ತಪ್ಪುತ್ತದೆ.

ಹೋಗುವವರಿಗೆ ಒಂದೆರಡು ಸೂಚನೆ. ಬಾಸೆಲ್ಲಿನ ದಫ್ತರಕ್ಕೆ ಮುಂಚಿತವಾಗಿ ಬರೆದು, ಏನು ನೋಡಬೇಕೆಂದು ತಿಳಿಸಿಯೇ ಹೋಗಬೇಕು. ವಾರದ ಎಲ್ಲ ದಿನ ಓದುವ ಕೋಣೆ ತೆರೆದಿರುವುದಿಲ್ಲ. ಊರಿನ ಹೆಸರನ್ನು ಹಳೆಯ ಕಾಗುಣಿತದಲ್ಲಿ ಕೇಳಬೇಕಾಗುತ್ತದೆ. ಧಾರವಾಡ ಅಲ್ಲಿ 'ಧಾರ್ವಾರ್', ಬೆಟಗೇರಿ 'ಬೆಟ್ಟಿಗೇರಿ', ಸುರಪುರ 'ಶೋರಾಪುರ್'. ಪೆನ್ನು ಒಳಗೆ ಬಿಡದ ದಫ್ತರಗಳೇ ಹೆಚ್ಚು, ಎರಡು ಪೆನ್ಸಿಲ್ ಜೊತೆಗಿರಲಿ. ಫೋಟೋಗಳನ್ನು ನೋಡುವಾಗ ಹೆಸರಿಲ್ಲದ ಮುಖವೊಂದು ಯಾರದೆಂದು, ಯಾವ ಊರಿನ ಗುಡಿಯ ಮುಂದೆ ನಿಂತದ್ದೆಂದು ಗುರುತು ಹತ್ತಿದರೆ ಅಲ್ಲಿನ ಸಿಬ್ಬಂದಿಗೆ ತಿಳಿಸಿ, ಬರೆದುಕೊಳ್ಳುವಂತೆ ಕೇಳಿ ಬರಬೇಕು.